ಒಳಗಿನ ನೀರು, ಹೊರಗಿನ ನೀರು

ಪುಟ್ಟ ಮೀನಿಗೆ ಗಂಭೀರ ಕಾಯಿಲೆ ಬಂದಿದೆಯೇ ಎಂದು ತಿಳಿಯಬೇಕಾದರೆ ಗಾಜಿನ ಮುಂದೆ ಕೂತರೆ ಸಾಲದು. ತೊಟ್ಟಿಯ ಮುಚ್ಚಳ ತೆಗೆದು ಮೇಲಿನಿಂದ ಬಗ್ಗಿ ನೋಡಬೇಕು. ಪಕ್ಕದಿಂದ ನೋಡಿದಾಗ ಫೈಟರ್ ಮೀನಿನ ಹೊಟ್ಟೆ ಕೊಂಚ ದಪ್ಪಗಾದಂತೆ ಕಾಣುತ್ತದೆ, ಅಷ್ಟೆ. ಹೆಚ್ಚು ತಿಂದಿರಬೇಕು, ಇಲ್ಲವೇ ಮೊಟ್ಟೆ ಕಟ್ಟಿರಬೇಕು ಎಂದುಕೊಂಡು ಸುಮ್ಮನಾಗುತ್ತೇವೆ. ಮೇಲಿನಿಂದ ನೋಡಿದರೆ ಗಾಬರಿಯಾಗುತ್ತದೆ. ಮೈಗೆ ಒತ್ತಿಕೊಂಡು ನುಣುಪಾಗಿ ಮಲಗಿರಬೇಕಾದ ಹುರುಪೆಗಳು ಒಂದೊಂದೂ ಅಂಚು ಎತ್ತಿ ನಿಂತಿರುತ್ತವೆ. ಇಡೀ ಮೀನು ಬಿರಿದ ಗಾಳಿಮರದ ಕಾಯಿಯಂತಾಗಿರುತ್ತದೆ. ಕೆಲವೊಮ್ಮೆ ಕಣ್ಣುಗುಡ್ಡೆಗಳೂ ಹೊರಗೆ ಉಬ್ಬಿರುತ್ತವೆ. ಮೀನು ಸಾಕುವವರ ಬಾಯಲ್ಲಿ ಇದು ಡ್ರಾಪ್ಸಿ. ಇದರ ಹಿಂದೆ ಬ್ಯಾಕ್ಟೀರಿಯಾ ಇರಬಹುದು, ಕ್ಷಯ ಇರಬಹುದು, ಗಡ್ಡೆ ಇರಬಹುದು, ತಿಂಗಳುಗಟ್ಟಲೆ ಬದಲಿಸದ ನೀರೂ ಇರಬಹುದು. ದಾರಿ ಯಾವುದೇ ಇರಲಿ, ಕೊನೆಗೆ ಮೂತ್ರಪಿಂಡ ಕೈಚೆಲ್ಲಿದಾಗ ಹುರುಪೆ ಎದ್ದು ನಿಲ್ಲುತ್ತದೆ.

ಮೂತ್ರಪಿಂಡಕ್ಕೂ ಹುರುಪೆಗೂ ಏನು ಸಂಬಂಧ? ಸಿಹಿನೀರಿನ ಮೀನಿನ ರಕ್ತದಲ್ಲಿರುವ ಲವಣವೆಲ್ಲ ಸೇರಿದರೆ, ಲೀಟರಿಗೆ ಸುಮಾರು 9 ಗ್ರಾಂ ಉಪ್ಪು ಹಾಕಿದ ನೀರಿಗೆ ಸಮ. ಹೊರಗಿನ ನೀರಿನಲ್ಲಿ ಒಂದು ಗ್ರಾಮೂ ಇರುವುದಿಲ್ಲ. ಹೀಗಾಗಿ ಕಿವಿರಿನ ತೆಳು ಪೊರೆಯ ಮೂಲಕ ನೀರು ಹಗಲೂ ರಾತ್ರಿ ಮೀನಿನೊಳಗೆ ನುಗ್ಗುತ್ತಲೇ ಇರುತ್ತದೆ, ಉಪ್ಪು ಹೊರಗೆ ಸೋರುತ್ತಲೇ ಇರುತ್ತದೆ. ನೀರಿನಲ್ಲೇ ಹುಟ್ಟಿ ಬೆಳೆದ ಜೀವಿಗೆ ನೀರೇ ಅಪಾಯ ಎಂದರೆ ವಿಚಿತ್ರ ಅನ್ನಿಸಬಹುದು, ಆದರೆ ಇರುವುದು ಹಾಗೆಯೇ. ಸಿಹಿನೀರಿನ ಮೀನು ನೀರು ಕುಡಿಯುವುದೇ ಅಪರೂಪ. ಅದರ ಮೂತ್ರಪಿಂಡಕ್ಕೆ ಒಳಬಂದ ನೀರನ್ನು ಹೊರಹಾಕುವುದೇ ದೊಡ್ಡ ಕೆಲಸ. ಗೋಲ್ಡ್‌ಫಿಶ್ ಒಂದು ದಿನದಲ್ಲಿ ತನ್ನ ತೂಕದ ಮೂರನೇ ಒಂದು ಭಾಗದವರೆಗೂ ಮೂತ್ರ ಹೊಯ್ಯಬಲ್ಲದು. ಅರವತ್ತು ಕಿಲೋ ತೂಗುವ ಮನುಷ್ಯನಿಗೆ ಇದೇ ಲೆಕ್ಕ ಹಾಕಿದರೆ ದಿನಕ್ಕೆ ಇಪ್ಪತ್ತು ಲೀಟರ್. ಈ ಪಂಪು ನಿಂತರೆ ಒಳಬಂದ ನೀರು ಎಲ್ಲಿಗೆ ಹೋಗಬೇಕು? ಮೊದಲು ಹೊಟ್ಟೆಯ ಪೊಳ್ಳು ತುಂಬುತ್ತದೆ, ಆಮೇಲೆ ಹುರುಪೆಯ ಬುಡದ ಚರ್ಮ, ಕಣ್ಣಿನ ಹಿಂಭಾಗ.

ಕಿವಿರು ಉಸಿರಾಟದ ಅಂಗ ಎಂದು ಶಾಲೆಯಲ್ಲಿ ಓದಿರುತ್ತೇವೆ. ಅದು ಬಚ್ಚಲೂ ಹೌದೆಂದು ತೋರಿಸಿದ್ದು ಅಮೆರಿಕದ ಶರೀರಶಾಸ್ತ್ರಜ್ಞ ಹೋಮರ್ ಸ್ಮಿತ್, 1929ರಲ್ಲಿ. ಆತ ಕಾರ್ಪ್ ಮತ್ತು ಗೋಲ್ಡ್‌ಫಿಶ್‌ಗಳನ್ನು ನಡುವೆ ತಡೆಯಿದ್ದ ಪೆಟ್ಟಿಗೆಯಲ್ಲಿ ಇರಿಸಿದ. ತಲೆಯ ಕಡೆಯ ನೀರು ಬೇರೆ, ಬಾಲದ ಕಡೆಯ ನೀರು ಬೇರೆ. ಎರಡನ್ನೂ ಅಳೆದಾಗ ತಲೆಯ ಕಡೆಯಿಂದ ಬಂದ ಸಾರಜನಕದ ಕಸ ಮೂತ್ರದ ಕಡೆಯದಕ್ಕಿಂತ ಆರರಿಂದ ಹತ್ತು ಪಟ್ಟು ಹೆಚ್ಚಿತ್ತು, ಅದರಲ್ಲಿ ಬಹುಪಾಲು ಅಮೋನಿಯಾ. ಅಂದರೆ ಉಸಿರು, ಉಪ್ಪು, ಕಸ ಮೂರರ ವ್ಯವಹಾರವೂ ಆ ಕೆಂಪು ಎಸಳುಗಳಲ್ಲೇ ನಡೆಯುತ್ತದೆ. ಪುಟ್ಟ ಮೀನುಗಳ ಮಾರಕ ಕಾಯಿಲೆಗಳಲ್ಲಿ ಬಹುಪಾಲು ಕಿವಿರು, ಚರ್ಮ, ಮೂತ್ರಪಿಂಡ ಈ ಮೂರರಲ್ಲಿ ಎಲ್ಲೋ ಒಂದು ಕಡೆ ಒಳಗಿನ ನೀರಿಗೂ ಹೊರಗಿನ ನೀರಿಗೂ ನಡುವಿನ ಬೇಲಿ ಮುರಿಯುವ ಕಥೆಗಳು. ಚಿಕಿತ್ಸೆ ಎಂದರೆ ಆ ಬೇಲಿಯನ್ನು ಎತ್ತಿ ನಿಲ್ಲಿಸುವಷ್ಟು ಸಮಯವನ್ನು ಮೀನಿಗೆ ಒದಗಿಸಿಕೊಡುವುದು. ಆ ಸಮಯ ಬಹಳ ಕಡಿಮೆ. ಮೂರು ಸೆಂಟಿಮೀಟರಿನ ಟೆಟ್ರಾ ಮೀನು ಕಾಯಿಲೆಯನ್ನು ಬಚ್ಚಿಟ್ಟುಕೊಳ್ಳುವುದರಲ್ಲಿ ನಿಪುಣ. ಹೊಳೆಯಲ್ಲಿ ಸೊರಗಿದಂತೆ ಕಂಡವನನ್ನೇ ದೊಡ್ಡ ಮೀನು ಮೊದಲು ಹಿಡಿಯುತ್ತದೆ.

ಹಾಗಾದರೆ ಮೊದಲು ಕಾಣುವುದು ಏನು? ನನ್ನ ಮಟ್ಟಿಗೆ ಅತ್ಯಂತ ನಂಬಿಕಸ್ತ ಗುರುತು ಉಸಿರು. ಮೀನು ತಣ್ಣಗೆ ನಿಂತಿರುವಾಗ ಕಿವಿರು ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ತೆರೆಯುತ್ತದೆ ಎಂದು ಎಣಿಸಿ, ಪಕ್ಕದಲ್ಲೇ ಇರುವ ಅದೇ ಜಾತಿಯ ಮೀನಿನ ಲೆಕ್ಕದ ಜೊತೆ ಇಟ್ಟು ನೋಡಬೇಕು. ಎಲ್ಲವೂ ಒಟ್ಟಿಗೆ ಏದುತ್ತಿದ್ದರೆ ದೋಷ ನೀರಿನದು. ಒಂದೇ ಏದುತ್ತಿದ್ದರೆ ಆ ಮೀನಿನದು. ಇಷ್ಟು ಸಣ್ಣ ವ್ಯತ್ಯಾಸವೇ ಅರ್ಧ ರೋಗನಿದಾನ. ಈಜುರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದಿರುವುದು, ಕಲ್ಲಿಗೋ ಫಿಲ್ಟರಿನ ಕೊಳವೆಗೋ ಮೈ ಉಜ್ಜಿಕೊಳ್ಳುವುದು, ಗುಂಪಿನ ಮೀನು ಗುಂಪು ಬಿಟ್ಟು ಮೂಲೆ ಸೇರುವುದು, ಊಟಕ್ಕೆ ಬಂದು ಬಾಯಿಗೆ ಹಾಕಿಕೊಂಡು ಉಗುಳುವುದು, ಬಿಳಿ ದಾರದಂಥ ಮಲ, ಇವೆಲ್ಲ ಆಮೇಲಿನವು. ಒಂದು ಎಚ್ಚರಿಕೆ: ಫೈಟರ್ ಮತ್ತು ಗೊರಾಮಿಗಳಿಗೆ ಗಾಳಿಯಿಂದ ನೇರ ಉಸಿರಾಡುವ ಅಂಗವೊಂದಿದೆ. ಅವು ಆಗಾಗ ಮೇಲೆ ಬಂದು ಗುಳುಕ್ ಎಂದು ಗಾಳಿ ನುಂಗಿ ಹೋದರೆ ಅದು ರೋಗವಲ್ಲ, ಸ್ವಭಾವ.

ಎಲ್ಲ ಮೀನುಗಳೂ ಒಟ್ಟಿಗೆ ಮೇಲ್ಮೈಗೆ ಬಂದರೆ ಮೊದಲ ಅನುಮಾನ ಅಮೋನಿಯಾದ ಮೇಲೆ. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಭಾನುವಾರ ತೊಟ್ಟಿ, ಸೋಮವಾರ ಹತ್ತು ಮೀನು ಎಂಬ ಅವಸರದಲ್ಲಿ ಸತ್ತ ಮೀನಿಗೆ ರೋಗವೇ ಇರುವುದಿಲ್ಲ. ಅಮೋನಿಯಾದ ವಿಷ ನೀರಿನ ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇಕಡಾ ಒಂದಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಸುಮಾರು ಶೇಕಡಾ 5. 9ಕ್ಕೆ ಹೋದರೆ ಮೂರನೇ ಒಂದಕ್ಕೂ ಹೆಚ್ಚು. ಬೋರ್‌ವೆಲ್‌ನ ಗಡಸು ನೀರು ಬಳಸುವವರ ಮನೆಯಲ್ಲಿ ಅದೇ ಸಂಖ್ಯೆಯ ಮೀನು, ಅದೇ ಊಟ, ಆದರೂ ಸಾವು ಹೆಚ್ಚು ಎಂದರೆ ಲೆಕ್ಕ ಇಲ್ಲಿ ತಪ್ಪಿರಬಹುದು.

ಇದೇ ರಸಾಯನಶಾಸ್ತ್ರ ಪ್ಲಾಸ್ಟಿಕ್ ಚೀಲದೊಳಗೂ ಒಂದು ಆಟವಾಡುತ್ತದೆ. ಚೆನ್ನೈನ ಕೊಳತ್ತೂರಿನಿಂದಲೋ ಕೋಲ್ಕತ್ತದಿಂದಲೋ ಚೀಲದಲ್ಲಿ ಬರುವ ಮೀನು ದಾರಿಯುದ್ದಕ್ಕೂ ಅಮೋನಿಯಾದ ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಆ ಅನಿಲ ಕರಗಿ ನೀರಿನ ಪಿಎಚ್ ಇಳಿಯುವುದರಿಂದ ಅಮೋನಿಯಾ ನಿರುಪದ್ರವಿ ರೂಪದಲ್ಲಿ ಕೂತಿರುತ್ತದೆ. ಚೀಲದ ಬಾಯಿ ಬಿಚ್ಚಿದೊಡನೆ ಅನಿಲ ಹಾರಿಹೋಗುತ್ತದೆ, ಪಿಎಚ್ ಏರುತ್ತದೆ, ನಿರುಪದ್ರವಿ ವಿಷವಾಗುತ್ತದೆ. ಆದ್ದರಿಂದ ಬಹಳ ಹೊತ್ತು ಚೀಲದಲ್ಲಿದ್ದ ಮೀನನ್ನು, ಬಾಯಿ ತೆರೆದ ಅದೇ ನೀರಿನಲ್ಲಿ ಗಂಟೆಗಟ್ಟಲೆ ಬಿಟ್ಟು ನಿಧಾನವಾಗಿ ಹೊಂದಿಸುವ ರೂಢಿ ಎಷ್ಟೋ ಸಲ ಕೆಡುಕನ್ನೇ ಮಾಡುತ್ತದೆ. ಮುಚ್ಚಿದ ಚೀಲವನ್ನೇ ತೊಟ್ಟಿಯಲ್ಲಿ ತೇಲಿಬಿಟ್ಟು ತಾಪ ಸಮನಾದ ಮೇಲೆ, ನೀರನ್ನು ಚೆಲ್ಲಿ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡುವುದು ಮೇಲು.

ಅಮೋನಿಯಾದ ಮುಂದಿನ ಮೆಟ್ಟಿಲು ನೈಟ್ರೈಟ್. ಅದು ಕಿವಿರಿನಲ್ಲಿ ಕ್ಲೋರೈಡ್ ಒಳಬರುವ ಬಾಗಿಲಿನಿಂದಲೇ ನುಸುಳಿ ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ. ಕಿವಿರು ಕೆಂಪು ಬಿಟ್ಟು ಕಂದಾಗುತ್ತದೆ. ನೀರಿಗೆ ಉಪ್ಪು ಬಿದ್ದರೆ ಬಾಗಿಲಲ್ಲಿ ಕ್ಲೋರೈಡಿನ ನೂಕುನುಗ್ಗಲು ಹೆಚ್ಚಿ ನೈಟ್ರೈಟಿಗೆ ಜಾಗ ಸಿಗುವುದಿಲ್ಲ. ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು ಹಾಕಿದರೆ ಒಳಹೊರಗಿನ ಲವಣದ ಅಂತರವೂ ಕೊಂಚ ತಗ್ಗಿ, ದಣಿದ ಮೂತ್ರಪಿಂಡದ ಹೊರೆ ಇಳಿಯುತ್ತದೆ. ಅಂಗಡಿಯ ನೀಲಿ, ಹಸಿರು, ಹಳದಿ ಬಾಟಲಿಗಳಿಗಿಂತ ಅಡುಗೆಮನೆಯ ಉಪ್ಪಿನ ಮೇಲೆ ನನಗೆ ಹೆಚ್ಚು ನಂಬಿಕೆ ಇರುವುದು ಇದೇ ಕಾರಣಕ್ಕೆ. ಕೊರಿಡೊರಸ್, ಲೋಚ್‌ಗಳಂಥ ಮೀನುಗಳಿಗೂ ನೀರುಗಿಡಗಳಿಗೂ ಉಪ್ಪು ಅಷ್ಟಾಗಿ ಒಗ್ಗುವುದಿಲ್ಲ. ಅದಕ್ಕೇ ಬೇರೆಯದೇ ಒಂದು ತೊಟ್ಟಿ ಬೇಕು: ಹತ್ತಿಪ್ಪತ್ತು ಲೀಟರಿನದು, ತಳದಲ್ಲಿ ಮರಳಿಲ್ಲದ್ದು, ಸ್ಪಂಜ್ ಫಿಲ್ಟರ್ ಮತ್ತು ಹೀಟರ್ ಇದ್ದದ್ದು. ನಲ್ಲಿ ನೀರಾದರೆ ಆಂಟಿಕ್ಲೋರಿನ್ ಹನಿ ಹಾಕಿದ್ದು.

ಇನ್ನು ಬಿಳಿಚುಕ್ಕೆ ರೋಗ. ಮೀನು ಸಾಕಿದವರು ಒಂದಲ್ಲ ಒಂದು ದಿನ ಇದನ್ನು ನೋಡಿಯೇ ಇರುತ್ತಾರೆ. ಫ್ರಾನ್ಸಿನ ಫೂಕೆ 1876ರಲ್ಲಿ ವರ್ಣಿಸಿದ ಈ ಏಕಕೋಶ ಜೀವಿಗೆ ಇಕ್ತಿಯೊಫ್ತಿರಿಯಸ್ ಎಂಬ ಉದ್ದನೆಯ ಹೆಸರು. ಸಾಕುವವರು ಇಕ್ ಎಂದು ಮುಗಿಸುತ್ತಾರೆ. ರೆಕ್ಕೆಯ ಮೇಲೆ ಒಂದು ಮಿಲಿಮೀಟರ್ ಒಳಗಿನ ಬಿಳಿ ಕಾಳು ಕಂಡಾಗ ಗಾಜಿನ ಚೂರಿನಿಂದ ಮೈಯ ಲೋಳೆಯನ್ನು ಹಗುರವಾಗಿ ಒರೆಸಿ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಬೇಕು. ಕಡಿಮೆ ವರ್ಧನೆಯೇ ಸಾಕು. ಬೂದುಬಣ್ಣದ ದೊಡ್ಡ ಗೋಲವೊಂದು ಸುತ್ತಲಿನ ನವಿರು ಕೂದಲುಗಳನ್ನು ಅಲೆಯಲೆಯಾಗಿ ಬೀಸುತ್ತ ಸೋಮಾರಿಯಾಗಿ ಉರುಳುತ್ತಿರುತ್ತದೆ. ಉರುಳುವಾಗ ಒಳಗೆ ಕುದುರೆಲಾಳದ ಆಕಾರದ ಕೋಶಕೇಂದ್ರ ಒಮ್ಮೆ ಕಂಡು ಮರೆಯಾಗುತ್ತದೆ. ಆ ಲಾಳ ಕಂಡರೆ ಅನುಮಾನಕ್ಕೆ ಜಾಗವೇ ಇಲ್ಲ.

ಹೊರಗೆ ಕಾಣುವ ಬಿಳಿ ಕಾಳು ಪರೋಪಜೀವಿಯೊಂದೇ ಅಲ್ಲ, ಅದರ ಸುತ್ತ ಬೆಳೆದ ಮೀನಿನದೇ ಚರ್ಮವೂ ಸೇರಿದೆ. ಚರ್ಮದ ಆ ಮೇಲ್ಪದರದ ಕೆಳಗೆ ಕೂತು ಅದು ಮೀನಿನ ಕೋಶಗಳನ್ನು ತಿಂದು ಬೆಳೆಯುತ್ತದೆ. ಅಷ್ಟು ದಿನ ಯಾವ ಔಷಧಿಯೂ ಅದನ್ನು ಮುಟ್ಟಲಾರದು. ಬೆಳೆದದ್ದು ಚರ್ಮ ಹರಿದು ಹೊರಬಿದ್ದು, ಕಲ್ಲಿಗೋ ಎಲೆಗೋ ಅಂಟಿಕೊಂಡು, ಸುತ್ತ ಪೊರೆ ಕಟ್ಟಿ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ನೂರಾರು ಮರಿಗಳಾಗುತ್ತದೆ, ಕೆಲವೊಮ್ಮೆ ಸಾವಿರದವರೆಗೂ. ಈಜುತ್ತ ಹೊರಟ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಮಲಕೈಟ್ ಗ್ರೀನ್ ಇರಲಿ, ಉಪ್ಪಿರಲಿ, ಕೊಲ್ಲಲು ಸಿಗುವುದು ಈ ಈಜುವ ಹಂತದಲ್ಲಿ ಮಾತ್ರ. ನೀರು ಬೆಚ್ಚಗಾದಷ್ಟೂ ಇಡೀ ಚಕ್ರ ಚುರುಕಾಗುತ್ತದೆ: 25 ಡಿಗ್ರಿಯಲ್ಲಿ ವಾರದೊಳಗೆ ಮುಗಿಯುವುದು 10 ಡಿಗ್ರಿಯಲ್ಲಿ ತಿಂಗಳು ಮೀರುತ್ತದೆ. ಅದಕ್ಕೇ ನೀರನ್ನು ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಲೀಟರಿಗೆ ಎರಡು ಗ್ರಾಮಿನಷ್ಟು ಉಪ್ಪು ಹಾಕಿ, ಏರ್ ಪಂಪ್ ಜೋರು ಮಾಡುವುದು. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಪಂಪ್ ಮರೆತರೆ ರೋಗಕ್ಕಿಂತ ಮೊದಲು ಚಿಕಿತ್ಸೆಯೇ ಕೊಲ್ಲುತ್ತದೆ. ಮೂರನೇ ದಿನ ಚುಕ್ಕೆ ಮಾಯವಾದವು ಎಂದು ಔಷಧಿ ನಿಲ್ಲಿಸುವವರೇ ಹೆಚ್ಚು. ಅವು ಹೋದದ್ದು ಹೆರಿಗೆಗೆ. ಕೊನೆಯ ಚುಕ್ಕೆ ಕಂಡ ಮೇಲೂ ಒಂದು ವಾರ ಮುಂದುವರಿಸಬೇಕು. ಇಕ್ ಕಿವಿರಿನಲ್ಲಷ್ಟೇ ಕೂತಿದ್ದರಂತೂ ಮೈಮೇಲೆ ಒಂದು ಚುಕ್ಕೆಯೂ ಕಾಣದೆ ಮೀನು ಏದಿ ಏದಿ ಸಾಯುತ್ತದೆ.

ಬಿಸಿ ಎಲ್ಲದಕ್ಕೂ ಮದ್ದೆಂದು ತಿಳಿದವರಿಗೆ ಕಾಲಮ್ನಾರಿಸ್ ಎಂಬ ರೋಗ ಪಾಠ ಕಲಿಸುತ್ತದೆ. ಬಾಯಿಯ ಸುತ್ತ ಬಿಳಿ ಹತ್ತಿಯಂಥದ್ದು ಮೆತ್ತಿಕೊಳ್ಳುತ್ತದೆ, ಬೆನ್ನಿನ ಮೇಲೆ ಜೀನು ಹಾಕಿದಂತೆ ಅಡ್ಡಲಾಗಿ ಮಾಸಲು ಪಟ್ಟಿ ಮೂಡುತ್ತದೆ. ಅಂಗಡಿಯವರು ಫಂಗಸ್ ಎಂದು ಹೇಳಿ ಕಳಿಸುತ್ತಾರೆ. ಶಿಲೀಂಧ್ರದ ಹತ್ತಿ ಸಾಮಾನ್ಯವಾಗಿ ಗಾಯದ ಮೇಲೆ, ತಂಪು ನೀರಿನಲ್ಲಿ ಎಳೆಎಳೆಯಾಗಿ ಬೆಳೆಯುತ್ತದೆ. ಇದು ಫ್ಲಾವೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ. ಮಿಸಿಸಿಪ್ಪಿ ನದಿಯ ಮೀನುಗಳಲ್ಲಿ ಇದನ್ನು 1922ರಲ್ಲಿ ಮೊದಲು ವರ್ಣಿಸಿದವ ಡೇವಿಸ್. ಕಿವಿರಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಸಣ್ಣ ಉದ್ದನೆಯ ಕಡ್ಡಿಗಳು ಜಾರುತ್ತ ಬಂದು ಬಣವೆಗಳಾಗಿ ಒಟ್ಟುಗೂಡುವುದು ಕಾಣುತ್ತದೆ. ನೀರು ಬೆಚ್ಚಗಿದ್ದಷ್ಟೂ ಇದಕ್ಕೆ ಹಬ್ಬ. ಉಗ್ರ ತಳಿಯಾದರೆ ಒಂದೆರಡು ದಿನದಲ್ಲಿ ತೊಟ್ಟಿ ಖಾಲಿ. ಇಕ್ ಎಂದು ತಪ್ಪಾಗಿ ತಿಳಿದು ಹೀಟರ್ ಏರಿಸಿದರೆ ಸಾವನ್ನು ಕೈಹಿಡಿದು ಕರೆತಂದಂತೆ. ಇಲ್ಲಿ ತಾಪ ಇಳಿಸಬೇಕು, ನೀರು ಬದಲಿಸಬೇಕು, ಆ್ಯಂಟಿಬಯೊಟಿಕ್ ತಕ್ಷಣ ಶುರುವಾಗಬೇಕು.

ಆ್ಯಂಟಿಬಯೊಟಿಕ್ ಎಂದರೆ ಮೆಡಿಕಲ್ ಶಾಪಿನಿಂದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ತಂದು ಬಿಚ್ಚಿ ನೀರಿಗೆ ಸುರಿಯುವುದು ನಮ್ಮಲ್ಲಿ ಮಾಮೂಲು. ನೀರು ಹಳದಿಯಾಗುತ್ತದೆ, ಏನೋ ಮಾಡಿದ ಸಮಾಧಾನವೂ ಸಿಗುತ್ತದೆ. ಮೀನಿಗೆ ಸಿಗುವುದು ಅಲ್ಪ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಈ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದೂ ಅಲ್ಲದೆ ಸಿಹಿನೀರಿನ ಮೀನು ನೀರು ಕುಡಿಯುವುದೇ ಅಪರೂಪ! ಚರ್ಮ, ಕಿವಿರಿನ ಮೇಲಿನ ಸೋಂಕಿಗೆ ನೀರಿನಲ್ಲಿ ಹಾಕಿದ ಔಷಧಿ ಒಂದಿಷ್ಟು ಉಪಯೋಗ. ಒಳಗಿನ ಅಂಗಗಳ ಸೋಂಕಿಗೆ ಊಟದಲ್ಲಿ ಬೆರೆಸಿಯೇ ಕೊಡಬೇಕು. ಆದರೆ ಕಾಯಿಲೆ ಬಲಿತ ಮೀನು ಮೊದಲು ಬಿಡುವುದು ಊಟವನ್ನೇ. ಡ್ರಾಪ್ಸಿಯಲ್ಲಿ ನಾವು ಸೋಲುವುದು ಇಲ್ಲೇ. ಹುರುಪೆ ಎದ್ದು, ಮೀನು ಊಟ ಬಿಟ್ಟಿದ್ದರೆ ಉಳಿಯುವ ಆಸೆ ಕಡಿಮೆ. ಹೊಟ್ಟೆ ಈಗಷ್ಟೇ ಉಬ್ಬಿ, ಇನ್ನೂ ತಿನ್ನುತ್ತಿದ್ದರೆ ಬೇರೆ ತೊಟ್ಟಿಗೆ ಹಾಕಿ, ಹತ್ತು ಲೀಟರಿಗೆ ಒಂದು ಟೀ ಚಮಚ ಎಪ್ಸಮ್ ಉಪ್ಪು ಕರಗಿಸಿ, ಔಷಧಿ ಬೆರೆಸಿದ ಊಟ ಕೊಟ್ಟು ನೋಡಬಹುದು. ಎಪ್ಸಮ್ ಉಪ್ಪಿನಿಂದ ಊತ ಕೆಲವೊಮ್ಮೆ ಇಳಿಯುತ್ತದೆ, ಸೋಂಕನ್ನು ಅದು ಮುಟ್ಟುವುದಿಲ್ಲ. ಯಾವ ಔಷಧಿ, ಎಷ್ಟು ಎಂಬುದನ್ನು ಪಶುವೈದ್ಯರನ್ನೋ ಮೀನುಗಾರಿಕೆ ಕಾಲೇಜಿನವರನ್ನೋ ಕೇಳುವುದು ಒಳ್ಳೆಯದು; ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಿಂದ ಮಂಗಳೂರಿನಲ್ಲೇ ಇದೆ. ಅಂದಾಜಿನ ಮೇಲೆ ಸುರಿದ ಔಷಧಿ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಂದು ಅಮೋನಿಯಾ ಏರಿಸುತ್ತದೆ. ಅಲಂಕಾರಿಕ ಮೀನುಗಳು ಬಂದ ಚೀಲದ ನೀರಿನಲ್ಲಿ ಹಲವು ಆ್ಯಂಟಿಬಯೊಟಿಕ್‌ಗಳಿಗೆ ಜಗ್ಗದ ಏರೊಮೊನಾಸ್ ಬ್ಯಾಕ್ಟೀರಿಯಾ ಈಗಾಗಲೇ ಪತ್ತೆಯಾಗಿವೆ.

ಗಪ್ಪಿಯ ಗುದದಿಂದ ಕೆಂಪು ದಾರದ ತುದಿಗಳು ಇಣುಕಿ, ಮೀನು ಅಲುಗಾಡದೆ ನಿಂತಾಗ ಸ್ಪಷ್ಟವಾಗಿ ಕಂಡು, ಅಲುಗಿದೊಡನೆ ಒಳಸೇರಿದರೆ ಅದು ಕಮಲಾನಸ್ ಎಂಬ ಹುಳು. ಇಲ್ಲಿ ಗುಣವಾಗುವ ಭರವಸೆ ಇದೆ. ದನ ಕುರಿಗಳಿಗೆ ಕೊಡುವ ಲೆವಮಿಸೋಲ್ ನೀರಿನ ಮೂಲಕವೇ ಮೀನಿನೊಳಗೆ ಇಳಿಯುತ್ತದೆ. ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಹಾಕಿ, ಒಂದು ದಿನ ಬಿಟ್ಟು, ನಿಶ್ಚೇಷ್ಟಿತವಾಗಿ ಹೊರಬಿದ್ದ ಹುಳುಗಳನ್ನು ತಳದಿಂದ ಪೈಪಿನಲ್ಲಿ ಎಳೆದು ತೆಗೆಯಬೇಕು. ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ. ನಿಯಾನ್ ಟೆಟ್ರಾದ ಬಣ್ಣದ ಗೆರೆ ಅಲ್ಲಲ್ಲಿ ಮಸುಕಾಗಿ ಬೆನ್ನು ಸೊಟ್ಟಗಾಗುವ ಪ್ಲೈಸ್ಟೊಫೊರಾ ಸೋಂಕಿಗೆ ಇಂಥ ಭರವಸೆ ಇಲ್ಲ. ಮೀನನ್ನು ಬೇರ್ಪಡಿಸುವುದೊಂದೇ ದಾರಿ.

ಬೆನ್ನು ಸೊಟ್ಟಗಾಗುವುದಕ್ಕೆ ಇನ್ನೊಂದು ಕಾರಣವೂ ಇದೆ, ಮೀನಿನ ಕ್ಷಯ. ತಿನ್ನುತ್ತಿದ್ದರೂ ಹೊಟ್ಟೆ ಒಳಸೇರುತ್ತದೆ, ಬಣ್ಣ ಮಾಸುತ್ತದೆ, ಒಣಗದ ಹುಣ್ಣು ಮೂಡುತ್ತದೆ, ತಿಂಗಳಿಗೊಂದರಂತೆ ಮೀನು ಸಾಯುತ್ತದೆ. 1926ರಲ್ಲಿ ಫಿಲಡೆಲ್ಫಿಯಾದ ಅಕ್ವೇರಿಯಂನ ಸತ್ತ ಮೀನುಗಳಿಂದ ಆರನ್‌ಸನ್ ಈ ರೋಗದ ಮೈಕೊಬ್ಯಾಕ್ಟೀರಿಯಂ ಮರೀನಂ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ನಮ್ಮ ಕ್ಷಯದ ಬ್ಯಾಕ್ಟೀರಿಯಾದ ಹತ್ತಿರದ ಸಂಬಂಧಿ ಇದು. ಆ ನೆಂಟಸ್ತಿಕೆ ವಿಜ್ಞಾನಿಗಳಿಗೆ ಉಪಕಾರ ಮಾಡಿತು. ಜೀಬ್ರಾ ಮೀನಿನ ಮರಿ ಪಾರದರ್ಶಕ; ಒಳಗೆ ಬ್ಯಾಕ್ಟೀರಿಯಾ ಮತ್ತು ಅದನ್ನು ನುಂಗುವ ರಕ್ಷಕ ಕೋಶಗಳ ಹೋರಾಟವನ್ನು ಜೀವಂತವಾಗಿಯೇ ನೋಡಬಹುದು. ಬರೋಡಾದಲ್ಲಿ ವೈದ್ಯಕೀಯ ಓದಿದ ಲಲಿತಾ ರಾಮಕೃಷ್ಣನ್ ಮತ್ತು ಸಂಗಡಿಗರು 2002ರಿಂದ ಈ ಮರಿಗಳಲ್ಲಿ ಕ್ಷಯದ ಗಂಟು ಕಟ್ಟುವುದನ್ನು ನೋಡುತ್ತ ಬಂದರು. ದೇಹ ಕಟ್ಟಿದ ಗೋಡೆ ಎಂದೇ ತಿಳಿದಿದ್ದ ಆ ಗಂಟನ್ನು ಬ್ಯಾಕ್ಟೀರಿಯಾ ತಾನು ಹರಡುವುದಕ್ಕೂ ಬಳಸಿಕೊಳ್ಳುತ್ತದೆ ಎಂಬುದು ಹೀಗೆ ಬೆಳಕಿಗೆ ಬಂತು. ಅಂದಹಾಗೆ ಈ ಜೀಬ್ರಾ ಮೀನನ್ನು ಗಂಗೆಯ ಮೀನುಗಳ ಕುರಿತ 1822ರ ಪುಸ್ತಕದಲ್ಲಿ ಮೊದಲು ವರ್ಣಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ನಮಗೆ ಹಳಬ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬೆಳೆ, ಜಾತಿ, ಸಂತೆಗಳ ವಿವರ ಬರೆದಿಟ್ಟ ಬುಕಾನನ್ ಇವನೇ. ಹ್ಯಾಮಿಲ್ಟನ್ ಎಂಬುದು ಆಮೇಲೆ ಇಟ್ಟುಕೊಂಡ ಹೆಸರು.

ಮೀನಿನ ಕ್ಷಯ ಸಾಕುವವರಿಗೂ ಅಂಟುತ್ತದೆ. ಸುಮಾರು 30 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುವ ಈ ಬ್ಯಾಕ್ಟೀರಿಯಾಕ್ಕೆ ನಮ್ಮ ದೇಹದ ಒಳಗಿನ ಶಾಖ ಜಾಸ್ತಿ; ಹಾಗಾಗಿ ತಣ್ಣಗಿರುವ ಕೈ, ಮೊಣಕೈಗಳ ಚರ್ಮದಲ್ಲೇ ಸಾಮಾನ್ಯವಾಗಿ ಉಳಿಯುತ್ತದೆ. ಬೆರಳಿನ ಗೀರುಗಾಯ ಇಟ್ಟುಕೊಂಡು ತೊಟ್ಟಿ ತೊಳೆದವರಿಗೆ ಕೆಲವು ವಾರಗಳ ಮೇಲೆ ಅದೇ ಜಾಗದಲ್ಲಿ ನೋವಿಲ್ಲದ ಕೆಂಪು ಗಂಟು ಏಳುತ್ತದೆ, ಒಮ್ಮೊಮ್ಮೆ ತೋಳಿನುದ್ದಕ್ಕೂ ಸಾಲಾಗಿ. ಮಾಮೂಲಿ ಮುಲಾಮಿಗೆ ಅದು ಬಗ್ಗುವುದಿಲ್ಲ, ತಿಂಗಳುಗಟ್ಟಲೆ ಮಾತ್ರೆ ಬೇಕು. ಇಂಥ ಗಂಟು ತೋರಿಸಲು ಹೋದಾಗ ಮನೆಯಲ್ಲಿ ಮೀನು ಸಾಕಿದ್ದೇನೆ ಎಂದು ಹೇಳದಿದ್ದರೆ ಚರ್ಮರೋಗ ವೈದ್ಯರಿಗೂ ಹೊಳೆಯುವುದು ಕಷ್ಟ. ಬಾಯಿಯಿಂದ ಪೈಪ್ ಎಳೆದು ನೀರು ಹೊರಬಿಡುವ ಅಭ್ಯಾಸವನ್ನಂತೂ ಇವತ್ತೇ ಬಿಡಬೇಕು.

ಉಳಿಸಲಾಗದ ಮೀನನ್ನು ಏನು ಮಾಡುವುದು? ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡುವುದು, ಫ್ರೀಜರಿನಲ್ಲಿ ನಿಧಾನವಾಗಿ ಹೆಪ್ಪುಗಟ್ಟಿಸುವುದು ಎರಡೂ ಕ್ರೂರ. ಪಶುವೈದ್ಯರು ಒಪ್ಪುವ, ಮನೆಯಲ್ಲೂ ಮಾಡಬಹುದಾದ ದಾರಿ ಲವಂಗದ ಎಣ್ಣೆ. ಅದರಲ್ಲಿನ ಯುಜಿನಾಲ್ ಮೀನಿಗೆ ಅರಿವಳಿಕೆ. ಒಂದು ಲೀಟರ್ ತೊಟ್ಟಿ ನೀರಿಗೆ ಸುಮಾರು 0.4 ಮಿಲಿಲೀಟರ್ ಎಣ್ಣೆಯನ್ನು, ಮೊದಲು ಸ್ವಲ್ಪ ಉಗುರುಬೆಚ್ಚಗಿನ ನೀರಿನ ಜೊತೆ ಬಾಟಲಿಯಲ್ಲಿ ಹಾಲಿನ ಬಣ್ಣ ಬರುವವರೆಗೆ ಕುಲುಕಿ, ಆಮೇಲೆ ಬೆರೆಸಬೇಕು. ಮೀನು ವಾಲಿ ಮಲಗುತ್ತದೆ. ಕಿವಿರು ನಿಂತ ಮೇಲೂ ಕನಿಷ್ಠ ಹತ್ತು ನಿಮಿಷ ಅದೇ ನೀರಿನಲ್ಲಿ ಬಿಡಬೇಕು; ಬೇಗ ತೆಗೆದರೆ ಎಚ್ಚರವಾಗುವುದುಂಟು. ಸತ್ತದ್ದನ್ನು ಮಣ್ಣಿನಲ್ಲಿ ಹೂಳಬೇಕು. ಕಾಯಿಲೆಯ ಮೀನನ್ನಾಗಲಿ ತೊಟ್ಟಿಯ ನೀರನ್ನಾಗಲಿ ಕೆರೆಗೆ ಬಿಡಬಾರದು. ಬಲೆ, ಪೈಪುಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿದರೆ ಇಕ್ ಸಾಯುತ್ತದೆ. ಕ್ಷಯದ ಅನುಮಾನವಿದ್ದರೆ ಬಿಸಿಲನ್ನೂ ಬ್ಲೀಚಿಂಗ್ ಪುಡಿಯನ್ನೂ ನೆಚ್ಚಿ ಕೂರಬಾರದು. ಮೇಣದಂಥ ಹೊರಪದರವಿರುವ ಆ ಬ್ಯಾಕ್ಟೀರಿಯಾ ಕ್ಲೋರಿನ್ನನ್ನು ಬಹಳ ಹೊತ್ತು ತಡೆದುಕೊಳ್ಳುತ್ತದೆ. ಶೇಕಡಾ 70ರ ಆಲ್ಕೊಹಾಲಿನಲ್ಲಿ ಗಾಜನ್ನು ಒರೆಸಿ, ಸ್ಪಂಜನ್ನೂ ಜಲ್ಲಿಯನ್ನೂ ಎಸೆದು, ಹೊಸದಾಗಿಯೇ ಶುರುಮಾಡಬೇಕು.